ಉದ್ದದ ಪಂದ್ಯದಲ್ಲಿ ತಾತ ಸೋತ ಕಥೆ

ಮಕ್ಕಳೇ, ಈ ವಾರ ನಾನು ಸೋತ ಕಥೆ ಹೇಳುತ್ತೇನೆ. ಅಜ್ಜ-ಅಜ್ಜಿಯರೇ, ನೀವೂ ಕೇಳಿ. ನಾಳೆ ನಿಮಗೂ ಇದೇ ಗತಿ ಬರಬಹುದು!

ರಜೆಗೆ ಬಂದಿರುವ ನನ್ನ ಮೊಮ್ಮಗಳಿಗೆ ಹಳೆಯ ಅಮೆರಿಕನ್ ಕಾರುಗಳ ಹುಚ್ಚು. ಹಳೇ ಲಗ್ನಪತ್ರಿಕೆಗಳನ್ನು ಕತ್ತರಿಸಿ, ಒಂದೊಂದರ ಹಿಂದೆ ಒಂದೊಂದು ಕಾರಿನ ಚಿತ್ರ ಬರೆದು, ಕೆಳಗೆ ವರ್ಷ, ತೂಕ, ಉದ್ದ ತುಂಬಿ ಟ್ರಂಪ್ ಕಾರ್ಡ್ ಮಾಡಿಕೊಂಡಿದ್ದಾಳೆ. ಆಟ ನಿಮಗೆ ಗೊತ್ತೇ ಇದೆ. ಒಬ್ಬರು 'ಉದ್ದ' ಅಂದರೆ ಇಬ್ಬರೂ ಉದ್ದ ಓದಬೇಕು. ಯಾರದು ಹೆಚ್ಚೋ ಅವರಿಗೆ ಎರಡೂ ಕಾರ್ಡು. ಅವತ್ತಿನ ಪಂದ್ಯಕ್ಕೆ ಡಬ್ಬಿಯಲ್ಲಿ ಉಳಿದಿದ್ದ ಕೊನೆಯ ಕೋಡುಬಳೆಯನ್ನು ಬಹುಮಾನವಾಗಿ ಇಟ್ಟಿದ್ದೆವು.

ಕೊನೆಯ ಸುತ್ತು. ನನ್ನ ಕೈಯಲ್ಲಿ 1977ರ ಶೆವ್ರೊಲೆ ಕಪ್ರೀಸ್, 'ಫುಲ್ ಸೈಜ್'. ಅವಳ ಕೈಯಲ್ಲಿ ಅದೇ ವರ್ಷದ ಫೋರ್ಡ್ ಎಲ್‌ಟಿಡಿ 2, 'ಮಿಡ್ ಸೈಜ್'. ಫುಲ್ ಎಂದರೆ ದೊಡ್ಡದು, ಮಿಡ್ ಎಂದರೆ ನಡುವಿನದು. ಇದಕ್ಕೆ ಲೆಕ್ಕ ಬೇಕೇ? "ಉದ್ದ!" ಎಂದು ಧೈರ್ಯವಾಗಿ ಕೂಗಿದೆ.

"ನಿಂದು 212.1 ಅಂಗುಲ. ನಂದು 219.5. ತಾತ, ನೀನು ಸೋತೆ!"

"ತಪ್ಪು ಬರೆದಿದ್ದೀಯ ಪುಟ್ಟಿ," ಎಂದೆ. ಅವಳು ಪುಸ್ತಕ ತಂದು ತೋರಿಸಿದಳು. ಅಡುಗೆಮನೆಯಿಂದ ಅಜ್ಜಿ, "ಸೋತಿದ್ದೀರಿ ಅಂತ ಒಪ್ಪಿಕೊಳ್ಳಿ ಅಂದ್ರೆ!" ಎಂದಳು. ಕೋಡುಬಳೆ ಹೋಯಿತು. ಆದರೆ ನಡುವಿನ ಕಾರು ದೊಡ್ಡ ಕಾರಿಗಿಂತ ಹತ್ತೊಂಬತ್ತು ಸೆಂಟಿಮೀಟರ್ ಉದ್ದವಾದದ್ದು ಹೇಗೆ? ಇಬ್ಬರೂ ಕೂತು ಹುಡುಕಿದೆವು. ಸಿಕ್ಕಿದ ಕಥೆ ಇದು.

ಮೊದಲು ಎರಡು ಅಳತೆ ತಿಳಿದುಕೊಳ್ಳಿ. ಮುಂದಿನ ಬಂಪರಿನ ತುದಿಯಿಂದ ಹಿಂದಿನ ಬಂಪರಿನ ತುದಿಯವರೆಗೆ ಇರುವುದು ಕಾರಿನ ಒಟ್ಟು ಉದ್ದ. ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಇರುವುದು ಚಕ್ರಾಂತರ. ಜನ ಕೂರುವುದು ಹೆಚ್ಚುಕಡಿಮೆ ಚಕ್ರಗಳ ನಡುವೆ. ಅದರಾಚೆಗೆ ಚಾಚಿಕೊಂಡಿರುವುದು ಕಾರಿನ ಮೂತಿ ಮತ್ತು ಬಾಲ.

ಅಮೆರಿಕದ ಕಾರುಗಳು ಬೆಳೆದದ್ದು ಮಕ್ಕಳು ಬೆಳೆದ ಹಾಗೆ, ದಿನವೂ ನೋಡುವವರಿಗೆ ಗೊತ್ತಾಗದಂತೆ. 1955ರ ಶೆವ್ರೊಲೆ ಬೆಲ್ ಏರ್ 195.6 ಅಂಗುಲ, ಅಂದರೆ ಐದು ಮೀಟರಿಗೆ ಸ್ವಲ್ಪ ಕಡಿಮೆ. 1957ಕ್ಕೆ ಅದು 200 ಅಂಗುಲವಾಯಿತು. 1958ರಲ್ಲಿ ಬಂದ ಇಂಪಾಲಾ 209 ಅಂಗುಲ, ಮರುವರ್ಷ ಸುಮಾರು 211. ನಮ್ಮ ಅಂಬಾಸಡರ್ ನೆನಪಿರುವ ಅಜ್ಜಂದಿರೇ, ಅದರ ಉದ್ದ ಸುಮಾರು 4.3 ಮೀಟರ್. ಈ ಇಂಪಾಲಾ ಅದಕ್ಕಿಂತ ಒಂದು ಮೀಟರ್ ಹೆಚ್ಚು!

ಇನ್ನು 1959ರ ಕ್ಯಾಡಿಲಾಕ್. ಹಿಂದೆ ವಿಮಾನದ ಬಾಲದಂತೆ ನಿಂತ ರೆಕ್ಕೆಗಳು, ಉದ್ದ 225 ಅಂಗುಲ, ಅಂದರೆ 5.7 ಮೀಟರ್. ಮೂರು ಕ್ಯಾಡಿಲಾಕನ್ನು ಸಾಲಾಗಿ ನಿಲ್ಲಿಸಿ, ನಾಲ್ಕನೆಯದರ ಅರ್ಧ ಸೇರಿಸಿದರೆ ಕ್ರಿಕೆಟ್ ಪಿಚ್ಚಿನ 22 ಗಜ ತುಂಬಿಹೋಗುತ್ತದೆ. ಜನರಲ್ ಮೋಟರ್ಸ್‌ನಲ್ಲಿ ಬಹುಕಾಲ ವಿನ್ಯಾಸದ ಮುಖ್ಯಸ್ಥರಾಗಿದ್ದ ಹಾರ್ಲಿ ಅರ್ಲ್ ಅವರಂತೂ ಕಾರನ್ನು ಉದ್ದ ಮಾಡುವುದು, ತಗ್ಗು ಮಾಡುವುದು, ಅದಾಗದಿದ್ದರೆ ಹಾಗೆ ಕಾಣುವಂತೆ ಮಾಡುವುದೇ ತಮ್ಮ ಗುರಿ ಎಂದು ಬಾಯಿಬಿಟ್ಟು ಹೇಳಿದ್ದರು. ಅಂದಿನ ಅಮೆರಿಕದಲ್ಲಿ ಉದ್ದ ಎಂದರೆ ಅಂತಸ್ತು.

ಇಷ್ಟುದ್ದದ ಕಾರು ಮನೆಯ ಶೆಡ್ಡಿನಲ್ಲಿ ಹಿಡಿಸಬೇಕಲ್ಲ? ಶೆಡ್ಡು ಚಿಕ್ಕದಿದ್ದವರಿಗಾಗಿ ಕ್ಯಾಡಿಲಾಕ್ ಕಂಪನಿ 1961ರಿಂದ 1963ರವರೆಗೆ ಬಾಲ ಮೊಟಕಾದ ಒಂದು ಮಾದರಿ ಮಾಡಿತು. ಮಾಮೂಲಿನದು 222 ಅಂಗುಲ, ಇದು 215. ಆದರೆ ಅದನ್ನು ಕೊಂಡವರು ಬಹಳ ಕಡಿಮೆ. ಕ್ಯಾಡಿಲಾಕ್ ಕೊಂಡ ಮೇಲೆ ಏಳು ಅಂಗುಲ ಬಿಟ್ಟುಕೊಡಲು ಯಾರಿಗೂ ಮನಸ್ಸಿರಲಿಲ್ಲ.

ಹೀಗೆ ದೊಡ್ಡ ಕಾರುಗಳು ಬೆಳೆದುಬಿಟ್ಟಾಗ ಕೆಳಗೆ ಒಂದು ಜಾಗ ಖಾಲಿಯಾಯಿತು. 1960ರಲ್ಲಿ ಫೋರ್ಡ್ ಫಾಲ್ಕನ್‌ನಂತಹ ಚಿಕ್ಕ ಕಾರುಗಳು ಬಂದವು. ಅದು 181 ಅಂಗುಲ. ಚಿಕ್ಕದಕ್ಕೂ ದೊಡ್ಡದಕ್ಕೂ ನಡುವೆ ನಿಲ್ಲಲು 1962ರಲ್ಲಿ ಫೋರ್ಡ್ ಫೇರ್‌ಲೇನ್ ಬಂತು, 197.6 ಅಂಗುಲ. 1964ರಲ್ಲಿ ಶೆವ್ರೊಲೆ ಶೆವೆಲ್ ಬಂತು, 193.9 ಅಂಗುಲ. ಇವೇ ಮಿಡ್ ಸೈಜ್ ಕಾರುಗಳು.

ಇಲ್ಲಿ ಮೊಮ್ಮಗಳು ಎರಡು ಕಾರ್ಡು ಪಕ್ಕಪಕ್ಕ ಇಟ್ಟಳು. "ತಾತ, 1955ರ ದೊಡ್ಡ ಕಾರಿನ ಚಕ್ರಾಂತರ 115 ಅಂಗುಲ. 1964ರ ನಡುವಿನ ಕಾರಿಂದೂ 115. ಉದ್ದದಲ್ಲೂ ಎರಡೇ ಅಂಗುಲ ವ್ಯತ್ಯಾಸ!" ನಿಜ. ಒಂಬತ್ತು ವರ್ಷ ಹಿಂದಿನ ದೊಡ್ಡ ಕಾರಿನ ಅಳತೆಯೇ 'ನಡುವಿನದು' ಎಂಬ ಹೊಸ ಹೆಸರಿನಲ್ಲಿ ಮರಳಿ ಬಂದಿತ್ತು.

ಆಮೇಲೆ ನಡುವಿನ ಕಾರುಗಳೂ ಸುಮ್ಮನಿರಲಿಲ್ಲ, ಅಣ್ಣಂದಿರನ್ನು ನೋಡಿ ತಾವೂ ಬೆಳೆದವು. 1973ರಿಂದ ಅಮೆರಿಕ ಸರ್ಕಾರ, ನಿಧಾನವಾಗಿ ಗುದ್ದಿದಾಗ ದೀಪ ಮುಂತಾದವು ಒಡೆಯದಂತೆ ಗಟ್ಟಿ ಬಂಪರ್ ಇರಬೇಕೆಂದು ನಿಯಮ ತಂದಿತು. ದಪ್ಪ ಬಂಪರುಗಳಿಂದ ಮುಂದೆ ಹಿಂದೆ ಇನ್ನಷ್ಟು ಅಂಗುಲ ಸೇರಿತು. 1977ರಲ್ಲಿ ಫೋರ್ಡ್ ಕಂಪನಿ ತನ್ನ ಹಳೆಯ ಮಿಡ್ ಸೈಜ್ ಕಾರನ್ನೇ ತಿದ್ದಿ ತೀಡಿ, ತನ್ನ ದೊಡ್ಡ ಕಾರಾದ ಎಲ್‌ಟಿಡಿಯ ಹೆಸರನ್ನು ಅದಕ್ಕೂ ಕೊಟ್ಟಿತು. ಅದೇ ನನ್ನನ್ನು ಸೋಲಿಸಿದ 219.5 ಅಂಗುಲದ ಎಲ್‌ಟಿಡಿ 2.

ಅದೇ ವೇಳೆಗೆ ಶೆವ್ರೊಲೆ ಮನೆಯಲ್ಲಿ ಬೇರೆಯೇ ಯೋಚನೆ ನಡೆದಿತ್ತು. 1973ರ ಕೊನೆಯಲ್ಲಿ ಅರಬ್ ದೇಶಗಳು ಅಮೆರಿಕಕ್ಕೆ ತೈಲ ನಿಲ್ಲಿಸಿದವು. ಪೆಟ್ರೋಲ್ ಬಂಕುಗಳ ಮುಂದೆ ಕಾರುಗಳ ಸಾಲು ನಿಂತಿತು. 1975ರಲ್ಲಿ ಹೊಸ ಕಾನೂನು ಬಂತು: ಕಂಪನಿಯ ಕಾರುಗಳು 1978ರಿಂದ ಗ್ಯಾಲನ್ನಿಗೆ ಸರಾಸರಿ 18 ಮೈಲಿ, ಅಂದರೆ ಲೀಟರಿಗೆ ಸುಮಾರು ಏಳೂವರೆ ಕಿಲೋಮೀಟರ್ ಓಡಬೇಕು. 1976ರ ಕಪ್ರೀಸ್ 222 ಅಂಗುಲ ದಾಟಿತ್ತು. ಅದನ್ನು ಹಾಗೇ ಬಿಡುವಂತಿರಲಿಲ್ಲ.

1977ರ ಕಪ್ರೀಸನ್ನು ಹತ್ತು ಅಂಗುಲಕ್ಕೂ ಹೆಚ್ಚು ಕಿರಿದು ಮಾಡಿದರು. ತೂಕದಲ್ಲಿ ಸುಮಾರು 600 ಪೌಂಡ್, ಅಂದರೆ 270 ಕಿಲೋ ಇಳಿಯಿತು. ಚಕ್ರಾಂತರ 116 ಅಂಗುಲಕ್ಕೆ ಬಂತು. ಅದೇ ವರ್ಷ ಅವರ ಅಂಗಡಿಯಲ್ಲಿದ್ದ ನಾಲ್ಕು ಬಾಗಿಲಿನ ಮಿಡ್ ಸೈಜ್ ಮಾಲಿಬುವಿನದೂ 116! ಇದು ದೊಡ್ಡ ಜೂಜು. 215 ಅಂಗುಲದ ಕ್ಯಾಡಿಲಾಕನ್ನೇ ಬೇಡ ಎಂದ ಜನ ಈ 212 ಅಂಗುಲದ 'ದೊಡ್ಡ' ಕಾರನ್ನು ಒಪ್ಪುತ್ತಾರೆಯೇ?

ಒಪ್ಪಿದರು. ಕಾರಣ, ಕತ್ತರಿ ಬಿದ್ದದ್ದು ಮೂತಿಗೂ ಬಾಲಕ್ಕೂ, ಕೂರುವ ಜಾಗಕ್ಕಲ್ಲ. ಮಾಡು ಸ್ವಲ್ಪ ಎತ್ತರವಾಯಿತು. ತಲೆಗೆ ಜಾಗ, ಹಿಂದೆ ಕೂತವರ ಕಾಲಿಗೆ ಜಾಗ, ಡಿಕ್ಕಿಯಲ್ಲಿ ಜಾಗ ಮೊದಲಿಗಿಂತ ಹೆಚ್ಚಾಯಿತು. 'ಮೋಟರ್ ಟ್ರೆಂಡ್' ಪತ್ರಿಕೆ ಕಪ್ರೀಸನ್ನು 1977ರ ವರ್ಷದ ಕಾರು ಎಂದು ಆರಿಸಿತು. ಮರುವರ್ಷ ಮಾಲಿಬುವಿನ ಸರದಿ. ಅದು ಇಳಿದು 192.7 ಅಂಗುಲವಾಯಿತು. 1964ರ ಶೆವೆಲ್‌ಗಿಂತಲೂ ಒಂದಂಗುಲ ಕಮ್ಮಿ!

ಸರ್ಕಾರಿ ಇಂಧನ ಪಟ್ಟಿಗೂ ಕಾರಿನ ಉದ್ದ ಬೇಕಾಗಲಿಲ್ಲ. ಟೇಪು ಕಾರಿನ ಒಳಗೆ ಹೋಯಿತು. ಜನರ ಜಾಗ, ಸಾಮಾನಿನ ಜಾಗ ಎರಡೂ ಸೇರಿ 120 ಘನ ಅಡಿ ಇದ್ದರೆ ಅದು ದೊಡ್ಡ ಕಾರು. 110ರಿಂದ 120ರೊಳಗೆ ಇದ್ದರೆ ನಡುವಿನದು. 120 ಘನ ಅಡಿ ಅಂದರೆ ಎಷ್ಟು ಗೊತ್ತೇ? 20 ಲೀಟರಿನ ಸುಮಾರು 170 ನೀರಿನ ಕ್ಯಾನುಗಳಷ್ಟು.

ಹಾಗಾದರೆ ನನ್ನ ಕಪ್ರೀಸ್ ದೊಡ್ಡದೋ ಅಲ್ಲವೋ? "ಒಳಗೆ ಕೂರೋರನ್ನ ಕೇಳಿದ್ರೆ ನೀನು ಗೆದ್ದೆ, ಟೇಪು ಹಿಡಿದ್ರೆ ನಾನು ಗೆದ್ದೆ," ಎಂದು ಮೊಮ್ಮಗಳು ತೀರ್ಪು ಕೊಟ್ಟಳು. ನಾನಂತೂ ಹೆಸರು ನೋಡಿ ಪಂದ್ಯ ಕಟ್ಟಿ ಸೋತವನು, ಸುಮ್ಮನೆ ತಲೆಯಾಡಿಸಿದೆ.

ಈ ವಾರ ನಿಮಗೂ ಒಂದು ಕೆಲಸ. ಅಜ್ಜನನ್ನೋ ಅಜ್ಜಿಯನ್ನೋ ಜೊತೆಗೆ ಕರೆದುಕೊಂಡು, ಮನೆಯಂಗಳದಲ್ಲಿ ನಿಂತ ಯಾವುದಾದರೂ ಕಾರಿನ ಉದ್ದವನ್ನು ಮೊದಲು ಕಣ್ಣಂದಾಜಿನಲ್ಲಿ ಹೇಳಿ. ಆಮೇಲೆ ದಾರಕ್ಕೆ ಪುಟ್ಟ ಕಲ್ಲು ಕಟ್ಟಿ, ಎರಡೂ ಬಂಪರಿನ ತುದಿಯಿಂದ ನೆಲಕ್ಕೆ ಇಳಿಬಿಡಿ. ಕಲ್ಲು ತಾಗಿದ ಕಡೆ ಸೀಮೆಸುಣ್ಣದ ಗುರುತು ಹಾಕಿ ಟೇಪು ಹಿಡಿಯಿರಿ. ಚಕ್ರಾಂತರವನ್ನೂ ಅಳೆದು, ಮೂತಿ ಮತ್ತು ಬಾಲಕ್ಕೆ ಎಷ್ಟು ಹೋಯಿತು ಎಂದು ಕಳೆಯಿರಿ. ಅಂದಾಜು ತಪ್ಪಿದವರು ಕೋಡುಬಳೆ ಬಿಟ್ಟುಕೊಡಬೇಕು.

ಅಂದ ಹಾಗೆ, ಆ ಕೊನೆಯ ಕೋಡುಬಳೆಯನ್ನು ಮೊಮ್ಮಗಳು ಮುರಿದು ಅರ್ಧ ನನಗೇ ಕೊಟ್ಟಳು. ದೊಡ್ಡ ಅರ್ಧ ಯಾವುದು ಎಂದು ನಾನು ಅಳೆಯಲು ಹೋಗಲಿಲ್ಲ.