ಮಡಿಲು ತುಂಬದ ದೋಷ ಯಾರದು?

ಮಕ್ಕಳಿಲ್ಲದ ಮನೆಯ ದುಃಖವನ್ನೇ ಬಂಡವಾಳ ಮಾಡಿಕೊಂಡು ನಡೆಯುವ ವ್ಯಾಪಾರವೊಂದು ನಮ್ಮ ಪಟ್ಟಣಗಳಲ್ಲಿ ದಿನದಿಂದ ದಿನಕ್ಕೆ ಹಬ್ಬುತ್ತಿರುವುದನ್ನು ವಾಚಕರು ಕಂಡೇ ಇರುವರು. 'ಉತ್ಕರ್ಷಣನಿರೋಧಕ'ವೆಂಬ ಘನವಾದ ಹೆಸರನ್ನು ಹೊತ್ತ ಗುಳಿಗೆ, ಚೂರ್ಣ, ಪಾನಕಗಳನ್ನು ಸೇವಿಸಿದ ಮಾತ್ರದಿಂದಲೇ ಸ್ತ್ರೀಯರ ಮಡಿಲು ತುಂಬುವುದೆಂದು ಸಾರುವ ಜಾಹೀರಾತುಗಳು ನಮ್ಮ ಕಾರ್ಯಾಲಯಕ್ಕೂ ಬರುತ್ತಿವೆ. ಅವುಗಳನ್ನು ಅಚ್ಚುಹಾಕಿದರೆ ಹಣ ಬರುವುದೆಂಬುದನ್ನು ಅರಿಯದವರು ನಾವಲ್ಲ. ಆದರೂ ಅವುಗಳನ್ನು ಹಿಂದಿರುಗಿಸಲು ನಾವು ನಿಶ್ಚಯಿಸಿದ್ದೇವೆ. ಅದರ ಕಾರಣವನ್ನು ಮಹಾಜನರ ಮುಂದಿಡುವುದು ನಮ್ಮ ಕರ್ತವ್ಯವಾಗಿದೆ.

ಈ ವ್ಯಾಪಾರಿಗಳ ಮಾತು ಕೇವಲ ಸುಳ್ಳಾಗಿದ್ದರೆ ಅಷ್ಟು ಭಯವಿರಲಿಲ್ಲ. ಅದು ಅರ್ಧ ಸತ್ಯವಾದುದರಿಂದಲೇ ಹೆಚ್ಚು ಅಪಾಯಕರ. ನಾವು ಉಸಿರಾಡುವ ಆಮ್ಲಜನಕವು ಜೀವಕೋಶಗಳಲ್ಲಿ ಶಕ್ತಿಯನ್ನುಂಟುಮಾಡುವಾಗ, ಒಲೆಯಿಂದ ಕಿಡಿಗಳು ಸಿಡಿಯುವಂತೆ, ಉಗ್ರಸ್ವಭಾವದ ಕೆಲವು ಕಣಗಳು ಹುಟ್ಟುತ್ತವೆ. ಇವುಗಳನ್ನಡಗಿಸಲು ದೇಹವು ಗ್ಲುಟಾಥಿಯೋನ್ ಮೊದಲಾದ ದ್ರವ್ಯಗಳನ್ನು ತಾನೇ ತಯಾರಿಸಿಕೊಳ್ಳುತ್ತದೆ. ಆಹಾರದಿಂದ ದೊರೆಯುವ 'ಸಿ', 'ಇ' ಜೀವಸತ್ವಗಳೂ ಇದಕ್ಕೆ ನೆರವಾಗುತ್ತವೆ. ಕಿಡಿಗಳು ಹೆಚ್ಚಿ ರಕ್ಷಣೆ ಕುಂದಿದ ಸ್ಥಿತಿಯನ್ನೇ ವೈದ್ಯರು ಆಕ್ಸಿಡೇಟಿವ್ ಸ್ಟ್ರೆಸ್, ಎಂದರೆ ಉತ್ಕರ್ಷಣದ ಒತ್ತಡ, ಎನ್ನುವರು. ಹೆಣ್ಣುಶಿಶು ಜನಿಸುವಾಗ ಅದರ ಅಂಡಾಶಯಗಳಲ್ಲಿ 10ರಿಂದ 20 ಲಕ್ಷ ಅಂಡಗಳಿರುತ್ತವೆ. ಋತುಮತಿಯಾಗುವ ವೇಳೆಗೆ ಉಳಿಯುವುವು 3-4 ಲಕ್ಷ. ಪಕ್ವವಾಗಿ ಹೊರಬರುವುವು ಆಯುಷ್ಯದಲ್ಲೆಲ್ಲ ಸುಮಾರು 400-500 ಮಾತ್ರ. 35ನೆಯ ವಯಸ್ಸಿನಲ್ಲಿ ಪಕ್ವವಾಗುವ ಅಂಡವು 35 ವರ್ಷಗಳಿಗೂ ಮೇಲ್ಪಟ್ಟು ದೇಹದಲ್ಲಿ ಕಾದಿದ್ದುದು. ಅಷ್ಟು ಕಾಲದ ಕಿಡಿಗಳ ಪೆಟ್ಟು ಅದರ ಮೇಲೆ ಬೀಳದಿರುವುದು ಹೇಗೆ? ವಯಸ್ಸೇರಿದಂತೆ ಗರ್ಭಧಾರಣೆ ಕಷ್ಟವಾಗುವುದಕ್ಕೂ, ಗರ್ಭಪಾತಗಳು ಹೆಚ್ಚುವುದಕ್ಕೂ ಇರುವ ಕಾರಣಗಳಲ್ಲಿ ಇದೂ ಒಂದೆಂದು ಪಂಡಿತರು ಎಣಿಸುತ್ತಾರೆ.

ಜೀವನಕ್ರಮವೂ ಈ ಕಿಡಿಗೆ ಗಾಳಿಯೂದಬಲ್ಲುದು. ತಂಬಾಕಿನ ಹೊಗೆಯನ್ನು ಸೇವಿಸುವ ಸ್ತ್ರೀಯರಿಗೆ ಗರ್ಭ ನಿಲ್ಲುವುದು ತಡವಾಗುವುದೂ, ಮುಟ್ಟು ಒಂದರಿಂದ ನಾಲ್ಕು ವರ್ಷ ಮುಂಚಿತವಾಗಿಯೇ ನಿಲ್ಲುವುದೂ ಅನೇಕ ಸಂಶೋಧನೆಗಳಿಂದ ಕಂಡುಬಂದ ವಿಷಯ. ಅತಿಯಾದ ಮೈತೂಕವೂ, ಅತಿಯಾದ ಕೃಶತೆಯೂ ಅಂಡೋತ್ಪತ್ತಿಯನ್ನು ಕೆಡಿಸುತ್ತವೆ. ಪಿ.ಸಿ.ಓ.ಎಸ್. ಎಂಬ ತೊಂದರೆಯುಳ್ಳ ಸ್ಥೂಲಕಾಯದ ಸ್ತ್ರೀಯರಲ್ಲಿ ತೂಕವು ನೂರಕ್ಕೆ ಐದರಷ್ಟು ಇಳಿದರೂ ಋತುಕ್ರಮವು ಸರಿಹೋಗುವುದುಂಟು.

ಇಷ್ಟು ನಿಜ. ಆದರೆ ಇದರಿಂದ "ಗುಳಿಗೆ ನುಂಗಿದರೆ ಸಂತಾನ ಖಂಡಿತ" ಎಂಬುದು ಹೇಗೆ ಸಿದ್ಧವಾಗುವುದು? ಆ ಉಗ್ರಕಣಗಳೂ ಮಿತವಾಗಿದ್ದರೆ ದೇಹಕ್ಕೆ ಬೇಕಾದುವೇ. ಅಂಡವು ಕೋಶವನ್ನು ಬಿಟ್ಟು ಹೊರಬರುವ ಕಾರ್ಯದಲ್ಲಿ ಅವುಗಳಿಗೂ ಪಾತ್ರವಿದೆ. ಇಂತಹ ಗುಳಿಗೆಗಳ ಪರೀಕ್ಷೆಗಳನ್ನೆಲ್ಲ ಒಟ್ಟುಗೂಡಿಸಿ ಕಾಕ್ರೇನ್ ಸಂಸ್ಥೆಯವರು 2020ರಲ್ಲಿ ಪ್ರಕಟಿಸಿದ ವಿಮರ್ಶೆಯು, ಪ್ರಯೋಜನವಿರಬಹುದಾದರೂ ಅದಕ್ಕಿರುವ ಆಧಾರವು ತೀರ ದುರ್ಬಲವೆಂದೇ ತಿಳಿಸಿತು. 'ಇರಬಹುದು' ಎಂಬುದನ್ನು 'ಖಂಡಿತ' ಎಂದು ಮಾರುವುದು ವೈದ್ಯವಲ್ಲ, ವಂಚನೆ. ಗರ್ಭ ಬಯಸುವ ಸ್ತ್ರೀಯರಿಗೆ ವೈದ್ಯರು ಕೊಡುವ ಫೋಲಿಕ್ ಆಮ್ಲದ ಮಾತು ಬೇರೆ. ಶಿಶುವಿನ ಬೆನ್ನುಹುರಿಯ ದೋಷಗಳನ್ನು ಅದು ತಡೆಯುವುದೆಂಬುದು ಸ್ಥಿರಪಟ್ಟಿದೆ, ಅದರ ಬೆಲೆಯೂ ಅಲ್ಪ. ಸ್ತ್ರೀಯರ ಬಂಜೆತನವನ್ನು ಗುಣಪಡಿಸುವೆವೆಂಬ ಔಷಧದ ಜಾಹೀರಾತನ್ನು 1954ರ ಶಾಸನವೇ ನಿಷೇಧಿಸಿದೆ. ಆದರೆ 'ಔಷಧವಲ್ಲ, ಪೋಷಕಾಹಾರ' ಎಂಬ ಮುಸುಕು ಹಾಕಿಕೊಂಡು ಈ ಸರಕು ಹಿಂಬಾಗಿಲಿನಿಂದ ಒಳನುಗ್ಗುತ್ತಿದೆ. ಉರಿಯುವ ಮನೆಯಲ್ಲಿ ಗಳ ಹಿರಿಯುವುದೆಂದರೆ ಇದೇ.

ಇದಕ್ಕಿಂತಲೂ ನಮ್ಮ ಮನಸ್ಸನ್ನು ನೋಯಿಸುವ ವಿಷಯ ಇನ್ನೊಂದಿದೆ. ಮದುವೆಯಾಗಿ ಎರಡು ವರ್ಷವಾದರೂ ತೊಟ್ಟಿಲು ಕಟ್ಟದಿದ್ದರೆ ಅಶ್ವತ್ಥ ಪ್ರದಕ್ಷಿಣೆ ಮಾಡುವವಳು ಸೊಸೆ, ನಾಗಪ್ರತಿಷ್ಠೆಯ ಹರಕೆ ಹೊರುವವಳು ಸೊಸೆ, ಸೀಮಂತದ ಮನೆಯಲ್ಲಿ ಹಿಂದೆ ನಿಲ್ಲುವವಳೂ ಸೊಸೆಯೇ. ಈಗ ಅದೇ ದೂಷಣೆಗೆ ವಿಜ್ಞಾನದ ವೇಷವೂ ದೊರೆತಿದೆ: "ಅವಳು ಓದಿದಳು, ಕೆಲಸಕ್ಕೆ ಹೋದಳು, ಹೊತ್ತಿಗೆ ಸರಿಯಾಗಿ ಉಣ್ಣಲಿಲ್ಲ, ಅದಕ್ಕೇ ಹೀಗಾಯಿತು" ಎಂದು. ಸಂತಾನವಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಪುರುಷನ ಕಡೆಯ ಕಾರಣವೂ ಸೇರಿರುತ್ತದೆಂಬುದು ವೈದ್ಯರಿಗೆಲ್ಲ ತಿಳಿದ ಮಾತು. ಉತ್ಕರ್ಷಣದ ಒತ್ತಡವು ವೀರ್ಯಾಣುಗಳನ್ನೂ ಬಿಡುವುದಿಲ್ಲ. ಪುರುಷನ ಪರೀಕ್ಷೆಯು ನೋವಿಲ್ಲದ್ದು, ಅಗ್ಗದ್ದು, ಒಂದೇ ದಿನದ್ದು. ಆದರೂ ಅದಕ್ಕೆ ಒಪ್ಪುವ ಗಂಡಂದಿರು ವಿರಳ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಈ ನ್ಯಾಯವು ವಿದ್ಯಾವಂತರ ಮನೆಗಳಲ್ಲಿಯೂ ನಡೆಯುತ್ತಿರುವುದು ನಾಚಿಕೆಗೇಡು. 2016-17ರ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ ತಂಬಾಕು ಸೇವಿಸುವ ವಯಸ್ಕರು ಪುರುಷರಲ್ಲಿ ನೂರಕ್ಕೆ 42, ಸ್ತ್ರೀಯರಲ್ಲಿ ನೂರಕ್ಕೆ 14. ಜಗಲಿಯಲ್ಲಿ ಕುಳಿತು ಗಂಡ ಬಿಡುವ ಹೊಗೆಯನ್ನು ಒಳಗಿರುವ ಹೆಂಡತಿ ಸೇವಿಸಬೇಕು. ಆಮೇಲೆ ಅವಳ ಜೀವನಕ್ರಮವನ್ನು ಪ್ರಶ್ನಿಸಬೇಕು!

ಜೀವನಕ್ರಮವೆಂದರೆ ಕೇವಲ ಮನಸ್ಸಿನ ಇಚ್ಛೆಯೂ ಅಲ್ಲ. ಸೌದೆಯೊಲೆಯ ಮುಂದೆ ದಿನವೂ ಹೊಗೆ ಕುಡಿಯುವವಳು ಅದನ್ನು ಇಷ್ಟಪಟ್ಟು ಆರಿಸಿಕೊಂಡವಳಲ್ಲ. ದಕ್ಷಿಣ ಕನ್ನಡದಲ್ಲಿ ಬೀಡಿ ಕಟ್ಟಿ ಸಂಸಾರ ಸಾಗಿಸುವ ಸ್ತ್ರೀಯರು ತಂಬಾಕಿನ ಧೂಳನ್ನು ವ್ಯಸನಕ್ಕಾಗಿ ಮುಟ್ಟುವವರಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿ ರಕ್ತಹೀನರೆಂದು ಕಂಡುಬಂದಿತು. ಎಲ್ಲರಿಗೂ ಬಡಿಸಿ ಉಳಿದುದನ್ನು ಉಣ್ಣುವವಳಿಗೆ "ಹಣ್ಣು ತರಕಾರಿ ತಿನ್ನು" ಎಂದು ಉಪದೇಶಿಸಿದರೆ ಫಲವೇನು? ಗರ್ಭನಾಳಗಳನ್ನು ಮುಚ್ಚಿಬಿಡುವ ಕ್ಷಯರೋಗವು ಈ ದೇಶದಲ್ಲಿ ಬಂಜೆತನಕ್ಕೆ ಇನ್ನೂ ಒಂದು ಕಾರಣವಾಗಿದೆ. ಅದಕ್ಕೆ ಯಾವ ಪಾನಕವೂ ಮದ್ದಲ್ಲ.

ಸರಕಾರದವರು ಮಾಡಬೇಕಾದುದು ಅಸಾಧ್ಯವಾದುದೇನಲ್ಲ. 2016ರಲ್ಲಿ ಮೊದಲಾದ ಉಜ್ವಲಾ ಯೋಜನೆಯಿಂದ ಹತ್ತು ಕೋಟಿಗೂ ಮಿಕ್ಕಿ ಅನಿಲ ಸಂಪರ್ಕಗಳು ದೊರೆತಿವೆ. ಮುಗಿದ ಸಿಲಿಂಡರನ್ನು ಮತ್ತೆ ತುಂಬಿಸಿಕೊಳ್ಳುವ ಶಕ್ತಿಯೂ ಬಡವರಿಗೆ ಬರುವಂತಾಗಲಿ. ಕೃತಕ ಗರ್ಭಧಾರಣೆಯ ಚಿಕಿತ್ಸಾಲಯಗಳನ್ನು ಕಟ್ಟಿನಲ್ಲಿಡಲು 2021ರಲ್ಲಿ ಕಾಯಿದೆಯಾಗಿದೆ. ಅದು ಕಾಗದದ ಮೇಲಷ್ಟೇ ಉಳಿಯದಿರಲಿ. ಜಿಲ್ಲೆಗೊಂದು ಸರಕಾರಿ ಆಸ್ಪತ್ರೆಯಲ್ಲಾದರೂ ದಂಪತಿಗಳಿಬ್ಬರನ್ನೂ ಒಟ್ಟಿಗೆ ಪರೀಕ್ಷಿಸುವ ಏರ್ಪಾಡಾಗಲಿ. ಪೋಷಕಾಹಾರದ ಮುಸುಕಿನ ಜಾಹೀರಾತುಗಳಿಗೂ ಶಾಸನದ ಕೈ ತಾಗಲಿ.

"ಜನಸಂಖ್ಯೆ ಹೆಚ್ಚಿರುವ ದೇಶದಲ್ಲಿ ಇದೇಕೆ?" ಎಂದು ಕೇಳುವವರಿದ್ದಾರೆ. ಅದೇ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಸ್ತ್ರೀಯೊಬ್ಬಳಿಗೆ ಸರಾಸರಿ ಮಕ್ಕಳು 1.7 ಮಾತ್ರ. ಆದರೆ ನಾವು ಲೆಕ್ಕದಿಂದ ವಾದಿಸೆವು. ಜಗತ್ತಿನ ವಯಸ್ಕರಲ್ಲಿ ಆರರಲ್ಲೊಬ್ಬರು ಬಾಳಿನಲ್ಲೊಮ್ಮೆ ಈ ಸಂಕಟವನ್ನು ಅನುಭವಿಸುವರೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ತಿಳಿಸಿತು. ಅಷ್ಟು ಜನರ ನೋವು ನೋವೇ.

ವಾಚಕರಲ್ಲಿ ನಮ್ಮ ಬಿನ್ನಹವಿಷ್ಟೆ: ಒಂದು ವರ್ಷ ಕಾದರೂ ಗರ್ಭ ನಿಲ್ಲದಿದ್ದರೆ, ಹೆಂಡತಿಯ ವಯಸ್ಸು 35 ಮೀರಿದ್ದರೆ ಆರೇ ತಿಂಗಳಲ್ಲಿ, ಇಬ್ಬರೂ ಕೂಡಿ ವೈದ್ಯರಲ್ಲಿಗೆ ಹೋಗಿರಿ. ಹೊಗೆಯನ್ನು ಇಬ್ಬರೂ ಬಿಡಿರಿ. ಊಟಕ್ಕೆ ಇಬ್ಬರೂ ಒಟ್ಟಿಗೆ ಕುಳಿತುಕೊಳ್ಳಿರಿ. 'ಬಂಜೆ'ಯೆಂಬ ಮಾತನ್ನು ನಿಮ್ಮ ಮನೆಯಿಂದ ಹೊರಗೆ ಹಾಕಿರಿ. ಗುಳಿಗೆಯ ಜಾಹೀರಾತನ್ನು ನಮ್ಮ ಪುಟಗಳಿಂದ ನಾವು ಹೊರಗೆ ಹಾಕಿದ್ದೇವೆ.