‘ಮುದುಕರ ಮುಂದ ಕುಂದ್ರೂದು’ ಸಣ್ಣ ಕೆಲಸವಲ್ಲ

ಬಾಗಲಕೋಟೆ ಜಿಲ್ಲೆಯ ರಬಕವಿ-ಬನಹಟ್ಟಿಯ ನೇಕಾರರ ಓಣಿಗಳಲ್ಲಿ ಮನೆಯೇ ಕಾರ್ಖಾನೆ. ಮುಂದಿನ ಕೋಣೆಯಲ್ಲಿ ಮಗ್ಗ, ಅದರ ಹಿಂದೆ ಅಡುಗೆಮನೆ, ಅಲ್ಲೇ ಪಕ್ಕದಲ್ಲಿ ಹಾಸಿಗೆ ಹಿಡಿದ ಹಿರಿಯರು. ಇಡೀ ಸಂಸಾರ ದಿನವಿಡೀ ಮನೆಯಲ್ಲೇ ಇದ್ದರೂ ಯಾರ ಕೈಗೂ ಬಿಡುವಿಲ್ಲ. ಗಂಡ ಮಗ್ಗದ ಮುಂದೆ, ಹೆಂಡತಿ ಕಂಡಿಕೆ ಸುತ್ತುತ್ತ. ಮಗ್ಗ ನಿಂತರೆ ಆ ಹೊತ್ತಿನ ಕೂಲಿ ಹೋಯಿತು. ಜಮಖಂಡಿ, ಮುಧೋಳದ ಕಬ್ಬಿನ ಊರುಗಳಲ್ಲಿ ಓದಿದ ಮಕ್ಕಳು ಬೆಂಗಳೂರು, ಪುಣೆ ಸೇರಿದ್ದಾರೆ; ಹೊಲಮನೆಯ ಜೊತೆ ಉಳಿದವರು ವಯಸ್ಸಾದ ತಂದೆತಾಯಿ. ಬೀಳಗಿ ತಾಲ್ಲೂಕಿನಲ್ಲಿ ಆಲಮಟ್ಟಿ ಹಿನ್ನೀರು ಹಳೆಯ ಊರುಗಳನ್ನೇ ಎಬ್ಬಿಸಿತು. ಕರೆದರೆ ಓಡಿಬರುತ್ತಿದ್ದ ನೆರೆಹೊರೆ ಪುನರ್ವಸತಿ ಕೇಂದ್ರಗಳಲ್ಲಿ ಚದುರಿಹೋಯಿತು.

ಇಂಥ ಮನೆಗಳಿಗೆ ಲಕ್ವಾ ಹೊಡೆದವರನ್ನು, ಮರೆವು ಹತ್ತಿದವರನ್ನು, ಎಲುಬು ಮುರಿದವರನ್ನು ನೋಡಿಕೊಳ್ಳಲು ಬರುವ ಹೆಣ್ಣುಮಗಳ ಬಗ್ಗೆ ಊರಿನ ಮಾತು ಏನು? ‘ಅದೇನ್ ದೊಡ್ಡ ಕೆಲಸರಿ, ಮುದುಕರ ಮುಂದ ಕುಂದ್ರೂದು.’ ಈ ಮಾತು ತಪ್ಪು. ಹೀಗೆ ಅಂದುಕೊಂಡು ಕೆಲಸ ಬಾರದವರನ್ನು ಕಡಿಮೆ ಪಗಾರಕ್ಕೆ ತಂದಿಟ್ಟರೆ ಹಾಸಿಗೆಯಲ್ಲಿರುವವರ ಜೀವಕ್ಕೇ ಕುತ್ತು.

ಹಾಸಿಗೆ ಹುಣ್ಣನ್ನೇ ನೋಡಿ. ಮೈ ಅಲುಗಿಸಲಾಗದವರ ಮಗ್ಗಲನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಬದಲಿಸಬೇಕು, ರಾತ್ರಿಯೂ. ತಪ್ಪಿದರೆ ಟೊಂಕ, ಹಿಮ್ಮಡಿ, ಬೆನ್ನಿನ ಕೆಳಗಿನ ಎಲುಬಿನ ಮೇಲೆ ಚರ್ಮ ಸಾಯತೊಡಗುತ್ತದೆ. ಪುಸ್ತಕಗಳಲ್ಲಿ ಇದರ ಮೊದಲ ಗುರುತು ಕೆಂಪು ಕಲೆ. ನಮ್ಮ ಕಡೆಯ ಕಪ್ಪು ಮೈಬಣ್ಣದಲ್ಲಿ ಆ ಕೆಂಪು ಕಾಣುವುದೇ ಕಷ್ಟ. ಆ ಜಾಗ ಸುತ್ತಲಿಗಿಂತ ಕಪ್ಪಾಗಿ, ಮುಟ್ಟಿದರೆ ಬಿಸಿಯಾಗಿ, ಕೆಲವೊಮ್ಮೆ ಗಟ್ಟಿಯಾಗಿ ಹತ್ತುತ್ತದೆ. ಕೆಲಸ ಬಲ್ಲವಳು ಮೈ ಒರೆಸುವಾಗಲೇ ಅಂಗೈಯಿಂದ ಅದನ್ನು ಕಂಡುಹಿಡಿಯುತ್ತಾಳೆ. ಮನೆಯವರು ಪ್ರೀತಿಯಿಂದ ಎಣ್ಣೆ ಹಚ್ಚಿ ಅದೇ ಜಾಗವನ್ನು ಗಸಗಸ ತಿಕ್ಕಲು ಹೋದರೆ ಕೈ ಹಿಡಿದು ತಡೆಯುತ್ತಾಳೆ. ತಿಕ್ಕಿದರೆ ಒಳಗಿನ ಮಾಂಸಕ್ಕೆ ಇನ್ನಷ್ಟು ಪೆಟ್ಟು.

ಉಣಿಸುವುದೂ ಹಾಗೆಯೇ. ಲಕ್ವಾ ಆದವರಲ್ಲಿ ಬಹಳ ಮಂದಿಗೆ ನುಂಗುವ ಶಕ್ತಿ ಕುಂದಿರುತ್ತದೆ. ಮಲಗಿಸಿಯೇ ಬಾಯಿಗೆ ನೀರು ಹನಿಸಿದರೆ ಅದು ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಬಲ್ಲವಳು ಮೊದಲು ನೆಟ್ಟಗೆ ಕೂರಿಸುತ್ತಾಳೆ, ಗದ್ದವನ್ನು ತುಸು ಕೆಳಗೆ ಮಾಡಿಸುತ್ತಾಳೆ, ಸೊಟ್ಟಗಾಗದ ಕಡೆಯಿಂದ ಸಣ್ಣ ಚಮಚದಲ್ಲಿ ಕೊಡುತ್ತಾಳೆ, ಒಂದು ತುತ್ತು ಇಳಿದ ಮೇಲೆಯೇ ಇನ್ನೊಂದು. ಇಂಥವರಲ್ಲಿ ಅನೇಕರಿಗೆ ತೆಳ್ಳನೆಯ ನೀರಿಗಿಂತ ಮಂದವಾದ ಜೋಳದ ಅಂಬಲಿಯೇ ಸಲೀಸು ಎಂಬುದು ಅವಳಿಗೆ ಗೊತ್ತು. ಉಂಡ ಮೇಲೆ ಅರ್ಧ ಗಂಟೆ ಮಲಗಿಸುವುದಿಲ್ಲ.

ಸಕ್ಕರೆ ಕಾಯಿಲೆಯವರು ಸುಮ್ಮನೆ ಬೆವತರೆ, ರಕ್ತದ ಸಕ್ಕರೆ ಇಳಿದಿದೆಯೇನೋ ಎಂದು ಅವಳಿಗೆ ಸಂಶಯ ಬರುತ್ತದೆ. ನಿನ್ನೆಯವರೆಗೆ ಸರಿಯಾಗಿ ಮಾತಾಡಿದ ಮುತ್ಯಾ ಇಂದು ತೊದಲಿ ಏನೇನೋ ಅಂದರೆ, ‘ವಯಸ್ಸಾತು ಬಿಡ್ರಿ’ ಎಂದು ಕೈಬಿಡುವುದಿಲ್ಲ. ಹೊಸ ಲಕ್ವಾ ಇರಬಹುದು, ಮೂತ್ರದ ಸೋಂಕೂ ಇರಬಹುದು ಎಂದು ಡಾಕ್ಟರಿಗೆ ಫೋನ್ ಮಾಡಿಸುತ್ತಾಳೆ. ಮುಟ್ಟುವ ಮೊದಲು ಹೇಳಿಯೇ ಮುಟ್ಟುತ್ತಾಳೆ: ‘ಯವ್ವಾ, ಈಗ ಮಗ್ಗಲಾ ಬದಲಿ ಮಾಡೂಣು.’ ಎಚ್ಚರವಿಲ್ಲದಂತೆ ಮಲಗಿದವರಿಗೂ ಹೀಗೆ ಹೇಳುವವಳು ನಿಜಕ್ಕೂ ದೊಡ್ಡವಳು. ಸೀರೆ ಸರಿಪಡಿಸುವಾಗ ಬಾಗಿಲು ಮುಂದೆ ಮಾಡುವುದು, ಮನೆಯ ಮಾತನ್ನು ಹೊಸ್ತಿಲು ದಾಟಿಸದಿರುವುದು ಯಾವ ಕೋರ್ಸಿನಿಂದಲೂ ಬರುವ ಗುಣವಲ್ಲ.

ಬಾಯಿ ಬಿಗಿಹಿಡಿಯುವ ಈ ಗುಣದ ಬೆಲೆ ಬಾಗಲಕೋಟೆ ಜಿಲ್ಲೆಗೆ ಹೊಸದಾಗಿ ಹೇಳಿಕೊಡಬೇಕಿಲ್ಲ. 2003ರ ಸುಮಾರಿಗೆ ಈ ಜಿಲ್ಲೆಯಲ್ಲಿ ಜನಸಾಮಾನ್ಯರ ನಡುವೆ ನಡೆದ ಎಚ್‌ಐವಿ ಅಧ್ಯಯನದಲ್ಲಿ ನೂರು ವಯಸ್ಕರಲ್ಲಿ ಸುಮಾರು 3 ಮಂದಿಗೆ ಸೋಂಕು ಕಂಡಿತ್ತು. ಎಚ್‌ಐವಿ ಹತೋಟಿಯಲ್ಲಿಡುವ ಸರ್ಕಾರದ ಉಚಿತ ಎಆರ್‌ಟಿ ಔಷಧಿ ದೇಶದಲ್ಲಿ ಶುರುವಾದದ್ದು 2004ರ ಏಪ್ರಿಲ್‌ನಲ್ಲಿ, ಅದೂ ಕೆಲವೇ ದೊಡ್ಡ ಆಸ್ಪತ್ರೆಗಳಲ್ಲಿ. ಅಲ್ಲಿಯವರೆಗೆ, ಆಮೇಲೂ ಕೆಲ ವರ್ಷ, ಬಡವರ ಆರೈಕೆ ನಡೆದದ್ದು ಮನೆಯಲ್ಲೇ. ರೋಗಿಯ ಹೆಸರು ಹೊರಬಿದ್ದರೆ ಬಾವಿಯ ನೀರು, ಮಕ್ಕಳ ಶಾಲೆ, ಮಗಳ ಮದುವೆ ಎಲ್ಲಕ್ಕೂ ಸಂಚಕಾರ ಬರುತ್ತಿದ್ದ ಕಾಲ ಅದು. ಅಂಥ ಮನೆಗಳಿಗೆ ಹೋಗಿ ಗಂಜಿ ಕುಡಿಸಿ, ಹುಣ್ಣು ತೊಳೆದು, ಗುಟ್ಟು ಕಾಯ್ದವರು ಹೆಚ್ಚಾಗಿ ಹಳ್ಳಿಯ ಹೆಣ್ಣುಮಕ್ಕಳು. ಅವರಲ್ಲಿ ಸ್ವತಃ ಸೋಂಕಿನೊಡನೆ ಬದುಕುತ್ತಿದ್ದವರೂ ಇದ್ದರು. ಸೋಂಕಿತರ ವಿವರ ಬಹಿರಂಗ ಮಾಡಬಾರದು ಎಂದು ಸಂಸತ್ತು ಕಾನೂನು ಮಾಡಿದ್ದು 2017ರಲ್ಲಿ. ಆ ಹೆಣ್ಣುಮಕ್ಕಳು ಅದಕ್ಕಿಂತ ಬಹಳ ಮೊದಲೇ ಅದನ್ನು ಪಾಲಿಸಿದ್ದರು. ಜಿಲ್ಲೆ ಅವರಿಗೆ ಋಣಿಯಾಗಿರಬೇಕು.

ಹೊಗಳಿಕೆಯಿಂದ ಯಾರ ಹೊಟ್ಟೆಯೂ ತುಂಬುವುದಿಲ್ಲ ಎನ್ನುವುದೂ ನಿಜ. ಮನೆಗೆಲಸಕ್ಕೆ ಕನಿಷ್ಠ ವೇತನ ಎಂದು ಕರ್ನಾಟಕ 2004ರಲ್ಲೇ ಅಧಿಸೂಚನೆ ಹೊರಡಿಸಿತು. ಮನೆಗೆಲಸದವರ ಹಕ್ಕಿನ ಅಂತರರಾಷ್ಟ್ರೀಯ ಒಪ್ಪಂದ 2011ರಲ್ಲಿ ಬಂದಾಗ ಭಾರತ ಅದರ ಪರ ಮತ ಹಾಕಿತು, ಅನುಮೋದನೆಯನ್ನು ಮಾತ್ರ ಕೊಡಲಿಲ್ಲ. ಅಧಿಸೂಚನೆ ಇದ್ದರೂ ವಾಸ್ತವದಲ್ಲಿ ರಾತ್ರಿ ಮೂರು ಸಲ ಎದ್ದು ರೋಗಿಯ ಮಗ್ಗಲು ಬದಲಿಸುವವಳ ಪಗಾರ, ನಿದ್ದೆ, ರಜೆ ಮೂರೂ ಮನೆಯ ಯಜಮಾನರ ಮರ್ಜಿಗೆ ಬಿಟ್ಟದ್ದು. ಪಗಾರವೇ ಇಲ್ಲದೆ ಇದೇ ಕೆಲಸ ಮಾಡುವ ಸೊಸೆಯಂದಿರ ಪಾಡನ್ನಂತೂ ಯಾರೂ ಕೇಳುವುದಿಲ್ಲ.

ಇತ್ತ ನೇಕಾರರ ಮನೆಗೆ ಕೊಡುವ ಶಕ್ತಿಯಾದರೂ ಎಲ್ಲಿದೆ? ಹಿರಿಯರಿಗೆ ಬರುವ ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1200 ರೂಪಾಯಿ, ಔಷಧಿಗೇ ಸಾಲದು. ಆದ್ದರಿಂದ ಇದನ್ನು ಮನೆಮನೆಯ ಹಣೆಬರಹ ಎಂದು ಬಿಡಬಾರದು. ಕೇರಳ 2008ರಲ್ಲೇ ಉಪಶಾಮಕ (ಪ್ಯಾಲಿಯೇಟಿವ್) ಆರೈಕೆಯ ನೀತಿ ತಂದು, ಪಂಚಾಯಿತಿಗಳ ಮೂಲಕ ನರ್ಸ್‌ಗಳನ್ನು ಹಾಸಿಗೆ ಹಿಡಿದವರ ಮನೆಗೇ ಕಳಿಸುತ್ತಿದೆ. ನಮ್ಮಲ್ಲಿ 2024ರ ಅಕ್ಟೋಬರ್‌ನಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯ ಯೋಜನೆ ಬಿಪಿ, ಸಕ್ಕರೆ ಕಾಯಿಲೆಯನ್ನು ಮನೆಬಾಗಿಲಲ್ಲೇ ಪರೀಕ್ಷಿಸುತ್ತದೆ. ಒಳ್ಳೆಯ ಆರಂಭ, ಆದರೆ ಹಾಸಿಗೆಯ ಪಕ್ಕದವರೆಗೂ ಅದು ಬರಬೇಕು. ಜಮಖಂಡಿ, ಮುಧೋಳ, ಬೀಳಗಿಯ ತಾಲ್ಲೂಕು ಆಸ್ಪತ್ರೆಗಳು ಆರೈಕೆಯ ಹೆಣ್ಣುಮಕ್ಕಳಿಗೆ, ಮನೆಯ ಸೊಸೆ-ಮಕ್ಕಳಿಗೆ ಮಗ್ಗಲು ಬದಲಿಸುವುದು, ಉಣಿಸುವುದು, ಮೂತ್ರದ ಚೀಲ ಹಿಡಿಯುವುದನ್ನು ಕೈಹಿಡಿದು ಕಲಿಸಲಿ, ಕಲಿತವರಿಗೆ ಪ್ರಮಾಣಪತ್ರ ಕೊಡಲಿ. ರಬಕವಿ-ಬನಹಟ್ಟಿ ನಗರಸಭೆ ತನ್ನ ಓಣಿಗಳಿಗೆ ಒಬ್ಬಿಬ್ಬರು ನರ್ಸ್‌ಗಳನ್ನು ನೇಮಿಸಿಕೊಳ್ಳಲು ಮುಂದಾಗಲಿ.

ಸರ್ಕಾರಕ್ಕೆ ಕಾಯದೆ ಮಾಡಬಹುದಾದ್ದೂ ಇದೆ. ಮನೆಯಲ್ಲಿ ಆರೈಕೆಗೆ ಒಬ್ಬರನ್ನು ಇಟ್ಟುಕೊಂಡಿರುವವರು ಈ ವಾರವೇ ಅವರಿಗೆ ಒಂದು ಪೂರ್ಣ ದಿನ ರಜೆ ಕೊಟ್ಟು, ಆ ದಿನ ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸುವ ಕೆಲಸವನ್ನು ತಾವೇ ಮಾಡಲಿ.