ಎಂಬತ್ತು ನಿಮಿಷಕ್ಕಾಗಿ ಸಮುದ್ರ ದಾಟುವವರು

ಶುಕ್ರವಾರ ರಾತ್ರಿ ನಮ್ಮ ಕ್ರಿಕೆಟ್ ವಾಟ್ಸ್ಯಾಪ್ ಗ್ರೂಪನ್ನು ನೀವೊಮ್ಮೆ ನೋಡಬೇಕು. ಸಂಜೆ ಆರಕ್ಕೆ ಹದಿನಾಲ್ಕು ಥಂಬ್ಸ್ ಅಪ್. ರಾತ್ರಿ ಹನ್ನೊಂದಾಗುವಷ್ಟರಲ್ಲಿ ಒಬ್ಬನಿಗೆ ರಿಲೀಸ್, ಒಬ್ಬನ ಮನೆಗೆ ಅತ್ತೆ-ಮಾವ, ಇನ್ನೊಬ್ಬನಿಗೆ "ಗಂಟಲು ಯಾಕೋ ಸರಿಯಿಲ್ಲ ಕಣ್ರೋ". ಬೆಳಗ್ಗೆ ಆರೂವರೆಗೆ ಗ್ರೌಂಡಿನಲ್ಲಿ ಏಳು ಜನ. ಆ ಗಂಟಲು ನೋವಿನ ಮೆಸೇಜ್ ಕಳಿಸಿದವನು ಬಹಳ ಸಲ ನಾನೇ. ಗ್ರೌಂಡ್ ಇರುವುದು ಮನೆಯಿಂದ ಎರಡು ಕಿಲೋಮೀಟರ್ ದೂರದಲ್ಲಿ. ನಡುವೆ ಒಂದು ಸಿಗ್ನಲ್ ಇದೆ, ಸಮುದ್ರವೇನೂ ಇಲ್ಲ.

ಆದರೆ ನಡುವೆ ಸಮುದ್ರವೇ ಇರುವ ಒಂದು ಕ್ಲಬ್ ಇದೆ. ಈ ವಾರ ಅವರ ಕಥೆ ಹೇಳ್ತೀನಿ.

ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವಿನ ಕಡಲಿನಲ್ಲಿ ಗರ್ನ್ಸಿ ಅಂತ ಒಂದು ಪುಟ್ಟ ದ್ವೀಪ. ಸುಮಾರು 65 ಚದರ ಕಿಲೋಮೀಟರ್, 64 ಸಾವಿರದಷ್ಟು ಜನ. ಅಂದರೆ ನಮ್ಮ ಕಡೆ ಒಂದು ತಾಲ್ಲೂಕು ಕೇಂದ್ರದಷ್ಟು ಜನಸಂಖ್ಯೆ. ಫ್ರಾನ್ಸಿನ ತೀರ ಹತ್ತಿರ, ಇಂಗ್ಲೆಂಡ್ ದೂರ. ಬ್ರಿಟನ್ನಿನ ರಾಜನಿಗೆ ಸೇರಿದ್ದು, ಆದರೆ ಬ್ರಿಟನ್ನಿನ ಭಾಗವಲ್ಲ; ಸ್ವಂತ ಸರ್ಕಾರ, ಸ್ವಂತ ತೆರಿಗೆ. ಇಲ್ಲಿ 1928ರಲ್ಲಿ ಶುರುವಾದ ರಗ್ಬಿ ಕ್ಲಬ್ಬಿಗೆ ಈಗ ಗರ್ನ್ಸಿ ರೈಡರ್ಸ್ ಅಂತ ಹೆಸರು. ಫುಟ್ಸ್ ಲೇನ್ ಅವರ ಮೈದಾನ. ಅಷ್ಟು ಚಿಕ್ಕ ದ್ವೀಪದಲ್ಲಿ ಒಂದು ಲೀಗ್ ನಡೆಸುವಷ್ಟು ತಂಡಗಳು ಎಲ್ಲಿಂದ ಬರಬೇಕು? ಹಾಗಾಗಿ ಅವರು ಆಡುವುದು ಇಂಗ್ಲೆಂಡಿನ ಲೀಗುಗಳಲ್ಲಿ.

ರಗ್ಬಿ ಅಂದರೆ ನಮಗೆ ಹೆಚ್ಚು ಪರಿಚಯವಿಲ್ಲ. 2025ರಲ್ಲಿ ಶುರುವಾದ ರಗ್ಬಿ ಪ್ರೀಮಿಯರ್ ಲೀಗಿನಲ್ಲಿ ಬೆಂಗಳೂರು ಬ್ರೇವ್‌ಹಾರ್ಟ್ಸ್ ತಂಡವನ್ನು ಕೆಲವರು ನೋಡಿರಬಹುದು. ಅದು ತಂಡಕ್ಕೆ ಏಳೇ ಜನರ ಚುಟುಕು ಆಟ. ಗರ್ನ್ಸಿಯವರು ಆಡುವುದು ರಗ್ಬಿ ಯೂನಿಯನ್‌ನ ಪೂರ್ಣ ಆಟ: ತಂಡಕ್ಕೆ ಹದಿನೈದು ಜನ, 80 ನಿಮಿಷ, ಮೈಗೆ ಮೈ ಡಿಕ್ಕಿ.

ಈಚಿನ ವರ್ಷಗಳಲ್ಲಿ ಅವರು ಆಡಿದ ನ್ಯಾಷನಲ್ ಲೀಗ್ 2 ಇಂಗ್ಲೆಂಡ್ ರಗ್ಬಿಯ ನಾಲ್ಕನೇ ಹಂತ. ಹದಿನಾಲ್ಕು ತಂಡಗಳ ಲೀಗ್. ಲೆಕ್ಕ ಹಾಕಿ: ಪ್ರತಿ ತಂಡದ ಎದುರು ಮನೆಯಲ್ಲೊಂದು, ಹೊರಗೊಂದು ಮ್ಯಾಚ್. ಅಂದರೆ ಸೆಪ್ಟೆಂಬರಿನಿಂದ ಏಪ್ರಿಲ್ ತನಕ, ಹೆಚ್ಚುಕಮ್ಮಿ ಶನಿವಾರ ಬಿಟ್ಟು ಶನಿವಾರ, ಹದಿಮೂರು ಸಲ ಸಮುದ್ರ ದಾಟಬೇಕು. ಇಪ್ಪತ್ತಕ್ಕೂ ಹೆಚ್ಚು ಜನ, ಚೀಲಗಟ್ಟಲೆ ಸಾಮಾನು. ಕತ್ತಲಿರುವಾಗಲೇ ಏಳು, ವಿಮಾನ ಹತ್ತು, ಆ ಕಡೆ ಇಳಿದು ಬಸ್ಸಿನಲ್ಲಿ ಕೂರು, ಕಾಲು ಸಡಿಲ ಮಾಡಿಕೊಳ್ಳುವಷ್ಟರಲ್ಲಿ ಸೀಟಿ. ಮ್ಯಾಚ್ ಮುಗಿದ ಮೇಲೆ ಊದಿದ ಕಣ್ಣು, ಐಸ್ ಕಟ್ಟಿದ ಮೊಣಕಾಲು ಹೊತ್ತು ಮತ್ತೆ ಅದೇ ದಾರಿ. ಸೋಮವಾರ ಆಫೀಸು.

ಹೌದು, ಆಫೀಸು. ಇವರ ಹೊಟ್ಟೆಪಾಡು ರಗ್ಬಿ ಅಲ್ಲ. ಗರ್ನ್ಸಿಯ ದೊಡ್ಡ ಉದ್ಯಮ ಹಣಕಾಸು. ನಮ್ಮಲ್ಲಿ ಅನೇಕರ ಹಾಗೆ ಅಲ್ಲಿಯೂ ವಾರವಿಡೀ ಸ್ಕ್ರೀನ್ ಮುಂದೆ ಕೂರುವವರು ಬೇಕಾದಷ್ಟು.

ಇನ್ನು ಮಂಜಿನ ವಿಷಯ. ಗರ್ನ್ಸಿಯ ವಿಮಾನ ನಿಲ್ದಾಣ ಮಂಜಿಗೆ ಹೆಸರುವಾಸಿ. ಕಡಲಿನಿಂದ ಮಂಜು ಎದ್ದಿತೆಂದರೆ ವಿಮಾನ ಹಾರಲ್ಲ, ಇಳಿಯಲ್ಲ. ಗಾಳಿ ಜೋರಾದರೆ ಹಡಗೂ ಇಲ್ಲ. ಬೆಳಗ್ಗೆ ಕಿಟಕಿ ತೆರೆದು ಆಕಾಶ ನೋಡುವುದೂ ಅವರ ತಯಾರಿಯ ಭಾಗವೇ. ಎದುರಾಳಿಗಳಿಗೂ ಇದೇ ಪಾಡು. ಹದಿಮೂರು ತಂಡಗಳು ವರ್ಷಕ್ಕೊಂದು ಸಲ ಈ ದ್ವೀಪಕ್ಕೆ ಬರಬೇಕು, ಖರ್ಚು ಯಾರದ್ದು? ಇದೇ ಗರ್ನ್ಸಿಯಲ್ಲಿ 2011ರಲ್ಲಿ ಶುರುವಾದ ಫುಟ್‌ಬಾಲ್ ಕ್ಲಬ್ ಗರ್ನ್ಸಿ ಎಫ್‌ಸಿ, ಇಂಗ್ಲೆಂಡಿನ ಲೀಗಿಗೆ ಸೇರುವಾಗ ಬರುವ ತಂಡಗಳ ಪ್ರಯಾಣದ ಖರ್ಚನ್ನೂ ತಾನೇ ಹೊರುವುದಾಗಿ ಒಪ್ಪಿಕೊಂಡೇ ಬಾಗಿಲು ದಾಟಿತು. ಆಡೋದಕ್ಕೆ ಅವಕಾಶ ಕೊಡಿ, ಟಿಕೆಟ್ ನಾವೇ ತೆಗೆದು ಕೊಡ್ತೀವಿ ಅಂದ ಹಾಗೆ!

ಈಗ ನಮ್ಮ ಶುಕ್ರವಾರ ರಾತ್ರಿಯ ಮೆಸೇಜಿಗೆ ಬರೋಣ. ರಗ್ಬಿಯಲ್ಲಿ ಸ್ಕ್ರಮ್ ಅಂತ ಒಂದಿದೆ. ಎರಡೂ ಕಡೆಯ ಎಂಟೆಂಟು ಜನ ಬಗ್ಗಿ, ಹೆಗಲಿಗೆ ಹೆಗಲು ಕೊಟ್ಟು ತಳ್ಳುವುದು. ಮೊದಲ ಸಾಲಿನ ಮೂವರ ಕುತ್ತಿಗೆ, ಬೆನ್ನಿನ ಮೇಲೆ ಬೀಳುವ ಭಾರ ಎಷ್ಟೆಂದರೆ, ತರಬೇತಿ ಇಲ್ಲದವರನ್ನು ಅಲ್ಲಿ ನಿಲ್ಲಿಸುವ ಹಾಗೇ ಇಲ್ಲ. ತಂಡದಲ್ಲಿ ಅಂಥ ಮೂವರು ಇಲ್ಲದೇ ಹೋದರೆ ರೆಫರಿ ತಳ್ಳಾಟವಿಲ್ಲದ ಸ್ಕ್ರಮ್‌ಗೆ ಆದೇಶ ಕೊಡ್ತಾರೆ, ಆಟದ ಅರ್ಧ ಜೀವವೇ ಹೋದಂತೆ. ಊರೊಳಗಿನ ಕ್ಲಬ್ ಆದರೆ ಪಕ್ಕದ ಬೀದಿಯವನನ್ನು ಎಬ್ಬಿಸಿ ಕರೆತರಬಹುದು. ದ್ವೀಪದಲ್ಲಿ ಆ ಕೆಲಸ ಬಲ್ಲವರೇ ಬೆರಳೆಣಿಕೆ. ಅಂಥ ಒಬ್ಬ ಶುಕ್ರವಾರ ರಾತ್ರಿ "ಗಂಟಲು ಸರಿಯಿಲ್ಲ" ಅಂದರೆ ಏನಾಗುತ್ತೆ, ನೀವೇ ಊಹಿಸಿ.

ಇನ್ನೊಂದು ಕಷ್ಟ ನಮ್ಮ ಸಣ್ಣ ಊರುಗಳಿಗೂ ಗೊತ್ತಿರುವಂಥದ್ದು. ಗರ್ನ್ಸಿಯಲ್ಲಿ ವಿಶ್ವವಿದ್ಯಾಲಯ ಇಲ್ಲ. ಕ್ಲಬ್ಬಿನಲ್ಲೇ ಬೆಳೆದ ಹುಡುಗರು ಹದಿನೆಂಟಕ್ಕೆ ಓದಲು ಇಂಗ್ಲೆಂಡಿಗೆ ಹೋಗ್ತಾರೆ. ಕೆಲವರು ವಾಪಸ್ ಬರ್ತಾರೆ, ಕೆಲವರು ಬರಲ್ಲ. ಆ ಜಾಗಕ್ಕೆ ಕೆಲಸದ ಪರವಾನಗಿ ಮೇಲೆ ಬಂದವರು ಸೇರ್ತಾರೆ, ಅವರೂ ಎಷ್ಟು ವರ್ಷ ಇರ್ತಾರೋ ಹೇಳಲಾಗದು. ಕಟ್ಟಿದ ತಂಡವನ್ನೇ ಮತ್ತೆ ಮತ್ತೆ ಕಟ್ಟುತ್ತಿರಬೇಕು.

ಹಣ ಕೊಟ್ಟು ಆಟಗಾರರನ್ನು ಇಟ್ಟುಕೊಂಡರೆ ಆಗಲ್ವಾ ಅಂತ ಕೇಳಬಹುದು. ರಗ್ಬಿ ಎರಡಾಗಿ ಒಡೆದದ್ದೇ ಈ ಪ್ರಶ್ನೆಯ ಮೇಲೆ. ಉತ್ತರ ಇಂಗ್ಲೆಂಡಿನ ಗಿರಣಿ, ಗಣಿ ಕೆಲಸಗಾರರು ಮ್ಯಾಚ್ ಆಡಲು ಹೋದರೆ ಆ ಹೊತ್ತಿನ ಕೂಲಿ ಕಳೆದುಕೊಳ್ಳುತ್ತಿದ್ದರು. ಅದನ್ನಾದರೂ ತುಂಬಿಕೊಡಿ ಅಂತ ಅವರ ಕ್ಲಬ್ಬುಗಳು ಕೇಳಿದವು. ದುಡ್ಡು ಮುಟ್ಟಿದರೆ ಆಟ ಕೆಡುತ್ತೆ ಅಂದರು ದೊಡ್ಡವರು. 1895ರ ಆಗಸ್ಟಿನಲ್ಲಿ ಹಡರ್ಸ್‌ಫೀಲ್ಡಿನ ಒಂದು ಹೋಟೆಲಿನಲ್ಲಿ ಸಭೆ ಸೇರಿ ಉತ್ತರದವರು ಬೇರೆಯಾದರು. ಮುಂದೆ ಅದೇ ರಗ್ಬಿ ಲೀಗ್ ಆಯಿತು. ಉಳಿದ ರಗ್ಬಿ ಯೂನಿಯನ್ ಸರಿಯಾಗಿ ನೂರು ವರ್ಷ ಬಿಟ್ಟು, 1995ರ ಆಗಸ್ಟಿನಲ್ಲಿ, ಹಣ ಕೊಡಬಹುದು ಅಂತ ಒಪ್ಪಿತು. ನನಗೇನೋ ಆ ಗಿರಣಿ ಕೆಲಸಗಾರರ ಮಾತೇ ನ್ಯಾಯ ಅನ್ನಿಸುತ್ತೆ. ದುಡ್ಡಿಲ್ಲದೆ ಆಡುವುದೇ ಶ್ರೇಷ್ಠ ಅನ್ನುವುದು ಮನೆಯಲ್ಲಿ ಅಕ್ಕಿ ಇದ್ದವರ ಮಾತು.

ಆದರೆ ದುಡ್ಡಿನ ದಾರಿಯೂ ಸಲೀಸಲ್ಲ. ಪಕ್ಕದ ದ್ವೀಪ ಜರ್ಸಿಯ ಕಥೆ ಕೇಳಿ. ಅಲ್ಲಿನ ಕ್ಲಬ್ ಹಂತಹಂತವಾಗಿ ಮೇಲೇರಿ, 2012ರಲ್ಲಿ ಇಂಗ್ಲೆಂಡಿನ ಎರಡನೇ ಹಂತವಾದ ಚಾಂಪಿಯನ್‌ಶಿಪ್ ತಲುಪಿತು. ಪೂರ್ತಿ ವೃತ್ತಿಪರ ತಂಡ, ಜರ್ಸಿ ರೆಡ್ಸ್ ಅಂತ ಹೆಸರು. 2022-23ರಲ್ಲಿ ಆ ಲೀಗನ್ನೇ ಗೆದ್ದರು. 2023ರ ಸೆಪ್ಟೆಂಬರಿನಲ್ಲಿ ಬಾತ್‌ನಂಥ ದೊಡ್ಡ ತಂಡವನ್ನು ಮಣಿಸಿದರು. ಅದೇ ತಿಂಗಳು ಮುಗಿಯುವ ಮೊದಲು ಹಣ ಖಾಲಿಯಾಗಿ ಬಾಗಿಲು ಹಾಕಿಕೊಂಡರು. ಕಪ್ ಗೆದ್ದ ಕೆಲವೇ ತಿಂಗಳಲ್ಲಿ ಆಟಗಾರರಿಗೆ ಕೆಲಸ ಇಲ್ಲ! ಲೇಆಫ್ ಅನ್ನೋ ಪದ ನಮಗೂ ಹೊಸದಲ್ಲ, ಆ ಬೆಳಗಿನ ಮೀಟಿಂಗ್ ಹೇಗಿದ್ದಿರಬಹುದು ಅಂತ ಊಹಿಸಬಲ್ಲೆವು.

ಆಮೇಲೆ ಜರ್ಸಿಯಲ್ಲಿ ರಗ್ಬಿ ಸತ್ತಿತಾ? ಇಲ್ಲ. ವೃತ್ತಿಪರ ತಂಡದ ನೆರಳಲ್ಲಿ ಅಲ್ಲೊಂದು ಹವ್ಯಾಸಿ ತಂಡ ಇದ್ದೇ ಇತ್ತು, ಮಕ್ಕಳ ತಂಡಗಳೂ ಇದ್ದವು. ಎತ್ತರದ ಮಹಡಿ ಬಿದ್ದಾಗ ನಿಂತದ್ದು ಆ ಕೆಳಗಿನ ಕಲ್ಲೇ. ಜರ್ಸಿಯವರು ಹವ್ಯಾಸಿ ತಂಡವಾಗಿ, ಕೆಳಗಿನ ಮೆಟ್ಟಿಲಿನಿಂದ ಮತ್ತೆ ಹತ್ತತೊಡಗಿದರು.

ಈ ಎರಡು ದ್ವೀಪಗಳ ನಡುವೆ 1920ರಿಂದ ಒಂದು ಮ್ಯಾಚ್ ನಡೆದುಕೊಂಡು ಬಂದಿದೆ, ಸಯಾಮ್ ಕಪ್ ಅಂತ. ಆ ಕಪ್ಪನ್ನು ಮಾಡಿದ್ದು ಸಯಾಮ್, ಅಂದರೆ ಇವತ್ತಿನ ಥಾಯ್ಲೆಂಡಿನ ಬೆಳ್ಳಿ ನಾಣ್ಯಗಳಿಂದ. ಕೇಳಿದ ಹಾಗಿದೆ ಅನ್ನಿಸುತ್ತಾ? ಇಂಗ್ಲೆಂಡ್-ಸ್ಕಾಟ್ಲೆಂಡ್ ಆಡುವ ಕಲ್ಕತ್ತಾ ಕಪ್ ಕೂಡ ಹಾಗೇ ಹುಟ್ಟಿದ್ದು. ಕಲ್ಕತ್ತೆಯ ರಗ್ಬಿ ಕ್ಲಬ್ಬಿಗೆ ಸದಸ್ಯರು ಕಮ್ಮಿಯಾಗಿ ಮುಚ್ಚುವ ಹೊತ್ತು ಬಂದಾಗ, ಬ್ಯಾಂಕಿನಲ್ಲಿದ್ದ ಹಣವನ್ನು ಬೆಳ್ಳಿ ರೂಪಾಯಿಗಳಾಗಿ ತೆಗೆದು, ಕರಗಿಸಿ, ಆನೆಯ ಮುಚ್ಚಳ, ನಾಗರಹಾವಿನ ಹಿಡಿಕೆಗಳಿರುವ ಕಪ್ ಮಾಡಿಸಿದರು. 1879ರಿಂದ ಇವತ್ತಿಗೂ ಅದಕ್ಕಾಗಿ ಎರಡು ದೇಶ ಸೆಣಸುತ್ತವೆ. ಕ್ಲಬ್ ಹೋಯಿತು, ರೂಪಾಯಿ ಉಳಿಯಿತು.

ಸಯಾಮ್ ಕಪ್ ಎರಡನೇ ಮಹಾಯುದ್ಧದಲ್ಲಿ ನಿಂತಿತ್ತು. 1940ರಿಂದ 1945ರ ಮೇ ತನಕ ದ್ವೀಪಗಳು ಜರ್ಮನ್ ಸೇನೆಯ ವಶದಲ್ಲಿದ್ದವು. ಸೇನೆ ಹೋಯಿತು, ಜನ ಮತ್ತೆ ಚೆಂಡು ತೆಗೆದುಕೊಂಡರು.

ಹವ್ಯಾಸ ಅಂದರೆ ಬಿಡುವಾದಾಗ ಮಾಡೋದು ಅಂತ ನಾನು ಅಂದುಕೊಂಡಿದ್ದೆ. ಇವರನ್ನು ನೋಡಿದರೆ ಹಾಗಲ್ಲ. ಸಂಬಳವಿದ್ದಲ್ಲಿ ನಾವು ಹೋಗದಿದ್ದರೆ ಮ್ಯಾನೇಜರ್ ಕೇಳ್ತಾರೆ. ಹವ್ಯಾಸದಲ್ಲಿ ಯಾರೂ ಕೇಳಲ್ಲ, ಅದಕ್ಕೇ ಅಲ್ಲಿ ಕೊಟ್ಟ ಮಾತಿಗೆ ತೂಕ ಜಾಸ್ತಿ.

ನಮ್ಮ ಗ್ರೂಪಿನಲ್ಲಿ ಒಬ್ಬ ಕೀಪರ್ ಇದ್ದಾನೆ. ಕಿಟ್ ಅವನ ಮನೆಯಲ್ಲೇ ಇರೋದು, ಹಾಗಾಗಿ ಅವನು ತಪ್ಪಿಸುವ ಹಾಗಿಲ್ಲ. ಕಳೆದ ತಿಂಗಳು ನಾನು ಗಂಟಲು ನೋವು ಅಂದ ಶನಿವಾರ ನಾಲ್ಕೇ ಜನ ಬಂದಿದ್ದರಂತೆ. ಟೀ ಕುಡಿದು, ಕಿಟ್ ಹೊತ್ತುಕೊಂಡು ವಾಪಸ್ ಹೋದನಂತೆ. ನನಗೆ ಒಂದು ಮಾತೂ ಅನ್ನಲಿಲ್ಲ. ಮುಂದಿನ ಶುಕ್ರವಾರ ಮತ್ತೆ ಅದೇ ಮೆಸೇಜ್: "ನಾಳೆ ಯಾರ್ಯಾರು?"

ಈ ವಾರ ಮೊದಲ ಥಂಬ್ಸ್ ಅಪ್ ನನ್ನದು. ಕಿಟ್ ಎತ್ತಿಕೊಂಡು ಹೋಗಲು ಆರು ಗಂಟೆಗೆ ಅವನ ಮನೆ ಹತ್ತಿರ ಬರ್ತೀನಿ ಅಂತಲೂ ಬರೆದಿದ್ದೇನೆ. ಮಂಜಿದ್ದರೂ ಬರ್ತೀನಿ.